ಬೆರಳ ಮೇಲಿಟ್ಟ ನಟ್ಟು

ಆ ದಿನ ಬೆಳಿಗ್ಗೆ ಅವನು ಚಾ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ. ನಾನು ಅದನ್ನು ನೋಡಿದೆ. ನೋಡದವನಂತೆ ಇದ್ದುಬಿಟ್ಟೆ. ನನಗೀಗ ಎಂಬತ್ತು ದಾಟಿದೆ. ನೋಡಿದ್ದೆ ಎಂದು ಬರೆದಿಟ್ಟು ಹೋಗಬೇಕು ಅನ್ನಿಸಿದೆ.

ಎಪ್ಪತ್ತರ ದಶಕದ ನಡುವಿನ ಮಾತು. ನಾನು ಹೊಳಲ್ಕೆರೆಯಲ್ಲಿ ಕರೆಂಟಿನ ಲೈನ್ ಮೇಸ್ತ್ರಿಯಾಗಿದ್ದೆ. ಕೈಕೆಳಗೆ ಐದು ಜನ ಲೈನ್‌ಮನ್‌ಗಳು. ಎಲ್ಲರಿಗಿಂತ ಹಿರಿಯನೊಬ್ಬ, ಐವತ್ತರ ಹತ್ತಿರದವನು, ಮಾತು ಕಡಿಮೆ. ಎಲ್ಲರಿಗಿಂತ ಚುರುಕಿನವನು ಹಿರಿಯೂರು ತಾಲ್ಲೂಕಿನ ಹಳ್ಳಿಯವನು, ಕುರಿ ಸಾಕುವ ಮನೆಯಿಂದ ಬಂದವನು. ನಾವು ಅವನನ್ನು ಕುರಿಯಪ್ಪ ಎಂದೇ ಕರೆಯುತ್ತಿದ್ದೆವು. ಉಳಿದ ಮೂವರು ಹೊಳಲ್ಕೆರೆ ಸುತ್ತಲಿನವರು. ಎಸ್ಸೆಸ್ಸೆಲ್ಸಿ ಮುಗಿಸಿದ್ದವನು ನಾನೊಬ್ಬನೇ. ಹಾಗಾಗಿ ಗ್ಯಾಂಗಿನ ಬರವಣಿಗೆಯೆಲ್ಲ ನನ್ನದೇ.

ಮೇ ತಿಂಗಳ ಒಂದು ಸಂಜೆ ಗಾಳಿ ಎದ್ದಿತು. ಆಲಿಕಲ್ಲು ಬಿತ್ತು. ಬೆಳಗಾದ ಮೇಲೆ ಹೋಗಿ ನೋಡಿದರೆ ರಾಮಗಿರಿ ಕಡೆಯ ಲೈನಿನಲ್ಲಿ ಎಂಬತ್ತಕ್ಕೂ ಹೆಚ್ಚು ಕಂಬಗಳು ಮುರಿದಿದ್ದವು, ಇಲ್ಲವೇ ವಾಲಿದ್ದವು. ತಂತಿ ಜೋಳದ ಹೊಲಗಳಲ್ಲಿ ಸುರುಳಿ ಬಿದ್ದಿತ್ತು. ಕುಡಿಯುವ ನೀರಿನ ಪಂಪು ನಿಂತಿತು, ಹಿಟ್ಟಿನ ಗಿರಣಿ ನಿಂತಿತು. ಊರಿನವರು ದಾರಿಗೆ ಅಡ್ಡ ನಿಂತು ಕೇಳತೊಡಗಿದರು. ನಮ್ಮ ಎಂಜಿನಿಯರು ಅವರ ಮುಂದೆಯೇ, "ಹತ್ತು ದಿನದಲ್ಲಿ ಕೊಡ್ತೀವಿ" ಎಂದುಬಿಟ್ಟರು. ಆಮೇಲೆ ನನ್ನ ಕಡೆ ತಿರುಗಿ, "ಆಗ್ತೈತಲ್ಲ ಮೇಸ್ತ್ರಿ?" ಎಂದರು. ಅಷ್ಟು ಜನರ ಮುಂದೆ ನಾನು ಇಲ್ಲ ಎನ್ನಲಿಲ್ಲ.

ಕೆಲಸ ನಡೆಯುತ್ತಿದ್ದ ಕ್ರಮ ಇದು. ಬೆಳಿಗ್ಗೆ ಸಬ್‌ಸ್ಟೇಷನ್ನಿಂದ ಲೈನ್ ಕ್ಲಿಯರ್ ತರಬೇಕು. ಈ ಲೈನಿನಲ್ಲಿ ಕರೆಂಟಿಲ್ಲ, ನೀವು ಹೇಳುವವರೆಗೆ ಬಿಡುವುದೂ ಇಲ್ಲ ಎಂಬ ಚೀಟಿ ಅದು. ಅದು ಕೈಗೆ ಬಂದ ಮೇಲೂ ತಂತಿಗೆ ಸರಪಳಿ ಹಾಕಿ ನೆಲಕ್ಕೆ ಸೇರಿಸಿ, ಆಮೇಲೆಯೇ ಮುಟ್ಟಬೇಕು. ಗುಂಡಿ ತೋಡಿ, ಹಗ್ಗ ಕಟ್ಟಿ ಕಂಬ ಎತ್ತಿ, ಸುತ್ತ ಕಲ್ಲುಮಣ್ಣು ಜಡಿಯಬೇಕು. ಬಿದಿರಿನ ಏಣಿ ಆನಿಸಿ ಮೇಲೆ ಹೋಗಿ ಅಡ್ಡಪಟ್ಟಿ ಬಿಗಿದು, ಪಿಂಗಾಣಿ ಕೂರಿಸಿ, ಅದಕ್ಕೆ ತಂತಿ ಕಟ್ಟಬೇಕು. ತಂತಿ ಕಟ್ಟುವಾಗ ಎರಡು ಕೈಯೂ ಬೇಕು. ಹಿಡಿದುಕೊಳ್ಳಲು ಮೂರನೆಯ ಕೈ ಇಲ್ಲವಾದ್ದರಿಂದ ಸೊಂಟದಿಂದ ಕಂಬಕ್ಕೆ ಬೆಲ್ಟು. ಬೆಲ್ಟು ನಮ್ಮಲ್ಲಿ ಮೂರಿದ್ದವು. ಒಂದರ ಬಕಲ್ ಕಿತ್ತುಹೋಗಿತ್ತು.

ನನ್ನ ಗ್ಯಾಂಗು ಎಷ್ಟು ಗಟ್ಟಿ ಎಂದು ಅಳೆಯಲು ನಾನೊಂದು ಉಪಾಯ ಮಾಡಿದೆ. ಸಾಮಾನಿನ ಪೆಟ್ಟಿಗೆಯ ಮುಚ್ಚಳದ ಒಳಮೈಗೆ ಐದು ಹೆಸರು ಬರೆದು, ಯಾರು ಎಷ್ಟು ಕಂಬ ಹತ್ತಿ ಮುಗಿಸಿದರು ಎಂದು ಸಂಜೆ ಸೀಮೆಸುಣ್ಣದಲ್ಲಿ ಗೀಟು ಹಾಕುತ್ತಿದ್ದೆ. ಗೀಟು ಹೆಚ್ಚಾದವನೇ ಗಟ್ಟಿ. ನಾಲ್ಕೇ ದಿನಕ್ಕೆ ಅದು ಪಂದ್ಯವಾಯಿತು.

"ಏನಪ್ಪ ಕುರಿಯಪ್ಪ, ಗೀಟೋ ಕುರೀನೋ, ಏನ್ ಎಣಿಸ್ತಾ ಕುಂತೀಯ?" ಎಂದು ಒಬ್ಬ ಕೆಣಕುತ್ತಿದ್ದ.

"ಕುರಿ ಆದ್ರೆ ತಪ್ಪಿಸ್ಕಂಡು ಹೋಗ್ತಾವೆ. ಗೀಟು ಎಲ್ಲಿಗೂ ಹೋಗಲ್ಲ ಬಿಡಣ್ಣ," ಎಂದು ಅವನು ನಗುತ್ತಿದ್ದ.

ಐದನೆಯ ದಿನದಿಂದ ಯಾರೂ ಕೈ ನೋಯುತ್ತದೆ ಎನ್ನಲಿಲ್ಲ, ಬಿಸಿಲು ಎನ್ನಲಿಲ್ಲ. ನನ್ನ ಗ್ಯಾಂಗು ಕಬ್ಬಿಣ ಎಂದು ಎಂಜಿನಿಯರಿಗೆ ಹೇಳಿದೆ. ಬಾಯಿ ಮುಚ್ಚಿಕೊಂಡಿದ್ದನ್ನು ನಾನು ಗಟ್ಟಿತನ ಎಂದುಕೊಂಡಿದ್ದೆ.

ಒಂಬತ್ತನೆಯ ದಿನ ಬೆಳಿಗ್ಗೆ ಕುರಿಯಪ್ಪ ಎರಡು ಕೈಯಲ್ಲಿ ಲೋಟ ಹಿಡಿದು ಕುಡಿದ. ಆದರೂ ಚಾ ತುಳುಕಿ ಮೊಣಕಾಲಿನ ಮೇಲೆ ಬಿತ್ತು. ಅವನು ನನ್ನ ಕಡೆ ನೋಡಿದ. ನಾನು ಲೈನ್ ಕ್ಲಿಯರ್ ಚೀಟಿ ಓದುವವನಂತೆ ತಲೆ ತಗ್ಗಿಸಿದೆ.

ಮಧ್ಯಾಹ್ನದ ಹೊತ್ತಿಗೆ ಎರಡು ಬೆಲ್ಟುಗಳೂ ಅರ್ಧ ಮೈಲಿ ಆಚೆ ತಂತಿ ಎಳೆಯುತ್ತಿದ್ದವರ ಬಳಿ ಇದ್ದವು. ಈ ಕಡೆ ನಾನು, ಕುರಿಯಪ್ಪ, ಏಣಿಯ ಬುಡ ಹಿಡಿಯಲು ಹಿರಿಯ ಲೈನ್‌ಮನ್.

"ಮೇಸ್ತ್ರಿ, ಬೆಲ್ಟು ಆ ತುದೀಲೈತೆ. ಬರ್ಲಿ, ಹತ್ತೀನಿ," ಎಂದ ಕುರಿಯಪ್ಪ.

"ಅದು ಬರೋದ್ರೊಳಗೆ ಹೊತ್ತು ಮುಳುಗ್ತೈತೆ. ಇವತ್ತಿಗೆ ಇನ್ನು ನಾಕೇ ಕಂಬ ಕಣ್ಲೇ. ಇಷ್ಟು ದಿನ ಹುಲಿ ಆಗಿದ್ದೋನು ಇವತ್ತೇನು ಮದುವಣಗಿತ್ತಿ ಆದ್ಯಾ?"

ಅವನ ಮುಖ ಕೆಂಪಾಯಿತು. ಏಣಿ ಹತ್ತಿದ. ಅಡ್ಡಪಟ್ಟಿಗೆ ಒಂದು ಕಾಲು ಸಿಕ್ಕಿಸಿಕೊಂಡು ತಂತಿ ಕಟ್ಟತೊಡಗಿದ. ಎರಡು ಸುತ್ತು ಆಗಿತ್ತು. ತಂತಿ ತಿರುಚುವ ಇಕ್ಕಳ ಕೈಯಿಂದ ಜಾರಿತು. ಅದನ್ನು ಹಿಡಿಯಲು ಬಾಗಿದವನು ಅದರ ಹಿಂದೆಯೇ ನೆಲಕ್ಕೆ ಬಂದ.

ಅದೇ ಬಿದಿರಿನ ಏಣಿಯ ಮೇಲೆ ಅವನನ್ನು ಮಲಗಿಸಿ ರಸ್ತೆಗೆ ತಂದೆವು. ಗೊಬ್ಬರದ ಲಾರಿ ಹಿಡಿದು ಚಿತ್ರದುರ್ಗದ ಆಸ್ಪತ್ರೆ ಸೇರಿಸಿದೆವು. ತೊಡೆಯ ಮೂಳೆ ಮುರಿದಿತ್ತು. ಕಾಲಿಗೆ ತೂಕ ಕಟ್ಟಿ ಎಳೆದಿಟ್ಟು ಆರು ವಾರ ಅಲುಗದೆ ಮಲಗಿಸಬೇಕು, ಹಾಗೆ ಮಾಡಿದರೆ ಸರಿಯಾಗುತ್ತದೆ ಎಂದರು ಡಾಕ್ಟರು. ಸರಿಯಾಗುತ್ತದೆ ಎಂಬ ಮಾತು ಕೇಳಿ ನನಗೆ ಉಸಿರು ಬಂತು. ಆ ಉಸಿರಿನಲ್ಲೇ ಆಸ್ಪತ್ರೆಯ ಜಗಲಿಯ ಮೇಲೆ ಕುಳಿತು ರಿಪೋರ್ಟು ಬರೆದೆ: ಬೆಲ್ಟು ಇಲ್ಲದೆ ಹತ್ತಬಾರದೆಂದು ನಾನು ಹೇಳಿದ್ದರೂ ಸದರಿ ಲೈನ್‌ಮನ್ ತಾನಾಗಿಯೇ ಹತ್ತಿದನು.

ಸಾಕ್ಷಿಯ ಜಾಗಕ್ಕೆ ಹಿರಿಯ ಲೈನ್‌ಮನ್ನಿನ ರುಜು ಬೇಕಿತ್ತು. ಅವನಿಗೆ ನಿಧಾನವಾಗಿ ಓದಲು ಬರುತ್ತಿತ್ತು. ಓದಿದ. ನನ್ನ ಮುಖ ನೋಡಿದ. ಮತ್ತೆ ಓದಿದ. ರುಜು ಹಾಕಿ ಪೆನ್ನು ಕೊಟ್ಟ. ಅವನಿಗೆ ಮೂವರು ಹೆಣ್ಣುಮಕ್ಕಳು. ಅವನ ಬಡ್ತಿಯ ಕಾಗದ ನನ್ನ ಶಿಫಾರಸಿಗೆ ಕಾದಿತ್ತು. ಅದೂ ನನಗೆ ಗೊತ್ತಿತ್ತು.

ಮರುದಿನದಿಂದ ಗ್ಯಾಂಗು ಗ್ಯಾಂಗಾಗಿ ಉಳಿಯಲಿಲ್ಲ. ಕೆಲಸಕ್ಕೆ ಬರುತ್ತಿದ್ದರು, ಮಾತಿಲ್ಲ. ದಿನಕ್ಕೆ ಐದು ಕಂಬ ನಿಲ್ಲಿಸುತ್ತಿದ್ದವರು ಎರಡಕ್ಕೆ ಇಳಿದರು. ಒಬ್ಬ ಬಿಗಿದ ಬೋಲ್ಟನ್ನೇ ಬಿಚ್ಚಿ ಬಿಚ್ಚಿ ಬಿಗಿಯುತ್ತಿದ್ದ. ಇನ್ನೊಬ್ಬ ಏಣಿಯ ಅರ್ಧಕ್ಕೆ ಹೋಗಿ ನಿಂತುಬಿಡುತ್ತಿದ್ದ. ಯಾಕೆ ಎಂದು ಕೇಳಿದರೆ "ಏನಿಲ್ಲ" ಎನ್ನುತ್ತಿದ್ದ. ಒಂದು ಬೆಳಿಗ್ಗೆ ಸರಪಳಿ ಹಾಕುವುದನ್ನೇ ಮರೆತು ತಂತಿಗೆ ಕೈಯೊಡ್ಡಿದ್ದರು. ಹಿರಿಯವನು ಕೂಗಿ ನಿಲ್ಲಿಸಿದ.

ಮೂರನೆಯ ದಿನ ಆಸ್ಪತ್ರೆಗೆ ಹೋದೆ. ಮಂಚದ ಬದಿಯಲ್ಲಿ ಹೆಗಲ ಮೇಲೆ ಕಂಬಳಿ ಹಾಕಿಕೊಂಡ ಮುದುಕರೊಬ್ಬರು ನೆಲದ ಮೇಲೆ ಕುಳಿತಿದ್ದರು. ಕುರಿಯಪ್ಪನ ತಂದೆ. ನಾನು ಮೇಸ್ತ್ರಿ ಎಂದು ತಿಳಿದೊಡನೆ ಎದ್ದು ನಿಂತು ಎರಡೂ ಕೈ ಜೋಡಿಸಿದರು.

"ನಮ್ಮುಡುಗ ನಿಮ್ ಮಾತು ಮೀರಿ ಹತ್ತಿದ್ನಂತೆ ಸಾಮಿ. ಆಪೀಸಿನೋರು ಹೇಳಿದ್ರು. ತಪ್ಪಾತು. ಹೊಟ್ಟೆಗೆ ಹಾಕ್ಕಳ್ರಿ."

ಮಂಚದ ಮೇಲಿದ್ದವನು ಗೋಡೆಯ ಕಡೆ ನೋಡುತ್ತಿದ್ದ. ಅವನು ಬಾಯಿ ಬಿಟ್ಟು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. "ಆ ನಾಕು ಕಂಬ ಏನಾದ್ವು ಮೇಸ್ತ್ರಿ?" ಎಂದು ಮಾತ್ರ ಕೇಳಿದ.

ನಾನು ಮುದುಕರ ಕಡೆ ತಿರುಗಿ ಅವರನ್ನು ಕುರಿಗಳ ಬಗ್ಗೆ ಕೇಳಿದೆ. ಹೆಂಗಸರ ಕೈಲಿ ಬಿಟ್ಟು ಬಂದೀನಿ, ಅದೇ ಚಿಂತೆ ಎಂದರು.

"ಹೆಂಗಸರು ಮೇಯಿಸ್ತಾರೆ, ಅದಲ್ಲ. ಸಂಜೆ ಒಂದೊಂದರ ಬೆನ್ನ ಮ್ಯಾಲೂ ಕೈ ಆಡ್ಸಬೇಕು ಸಾಮಿ. ಕುರಿ ಐತಲ್ಲ, ಅದು ಬೀಳೋಗಂಟ ಹಿಂಡಿನ ಜತೀಗೇ ನಡೀತೈತೆ. ಸುಸ್ತಾತು ಅಂತ ತೋರ್ಸಲ್ಲ. ತೋರ್ಸಿದ್ರೆ ತೋಳ ಹಿಡೀತೈತೆ ಅಂತ ಅದಕ್ಕೆ ಗೊತ್ತು. ಉಣ್ಣೆ ಮ್ಯಾಲೆ ನೋಡಿದ್ರೆ ಎಲ್ಲಾ ದಪ್ಪಗೇ ಕಾಣ್ತಾವೆ. ಬೆನ್ನು ಮುಟ್ಟಿದ್ರೇನೇ ಮೂಳೆ ಸಿಗೋದು."

ಅವರು ನನಗೆ ಬುದ್ಧಿ ಹೇಳಲು ಹೇಳಿದ್ದಲ್ಲ. ಮನೆಯ ಚಿಂತೆ ಹೇಳಿಕೊಂಡರು, ಅಷ್ಟೆ. ಆದರೆ ಹೊಳಲ್ಕೆರೆಗೆ ಬರುವ ಬಸ್ಸಿನಲ್ಲಿ ದಾರಿಯುದ್ದಕ್ಕೂ ನನಗೆ ಆ ತೋಳ ಯಾರು ಎಂಬುದೇ ತಲೆಯಲ್ಲಿತ್ತು.

ಮರುದಿನ ಬೆಳಿಗ್ಗೆ ಪೆಟ್ಟಿಗೆಯ ಮುಚ್ಚಳ ತೆಗೆದು ಒದ್ದೆ ಬಟ್ಟೆಯಿಂದ ಗೀಟುಗಳನ್ನೆಲ್ಲ ಒರೆಸಿದೆ. ಪೆಟ್ಟಿಗೆಯಿಂದ ದೊಡ್ಡದೊಂದು ನಟ್ಟು ಆರಿಸಿ ನಾಲ್ವರನ್ನೂ ಕರೆದೆ. ಕೈ ಮುಂದಕ್ಕೆ ನೇರ ಚಾಚಬೇಕು, ಬೆರಳುಗಳನ್ನು ಜೋಡಿಸಿ ಹಿಡಿಯಬೇಕು, ಬೆರಳ ಮೇಲೆ ನಟ್ಟು ಇಟ್ಟು ಇಪ್ಪತ್ತು ಎಣಿಸುತ್ತೇನೆ. ಬಿದ್ದರೆ ಆ ದಿನ ನೆಲದ ಕೆಲಸ, ಮೇಲೆ ಹತ್ತುವುದಿಲ್ಲ ಎಂದೆ. ಮೊದಲು ನನ್ನ ಕೈ ಚಾಚಿದೆ. ಏಳು ಎಣಿಸುವುದರೊಳಗೆ ನಟ್ಟು ನೆಲಕ್ಕೆ ಬಿತ್ತು.

"ಮೇಸ್ತ್ರಿದೇ ಬಿತ್ತಲ್ಲೋ!" ಎಂದು ಒಬ್ಬ ಬಾಯಿಗೆ ಟವೆಲ್ ಒತ್ತಿಕೊಂಡ. ಅಷ್ಟು ದಿನಗಳಲ್ಲಿ ಮೊದಲ ಸಲ ನಗು ಕೇಳಿದ್ದು.

"ಹಂಗಾದ್ರೆ ಇವತ್ತು ಗುಂಡಿ ತೋಡೋದು ನಾನೇ," ಎಂದು ಹಾರೆ ತಗೊಂಡೆ. ಇನ್ನೊಬ್ಬನದೂ ಬಿತ್ತು. ಅವನೂ ನನ್ನ ಜೊತೆ ಗುಂಡಿಗೆ ಇಳಿದ. ಬೆಲ್ಟು ಎರಡೇ ಇದ್ದುದರಿಂದ ಒಟ್ಟಿಗೆ ಎರಡು ಕಂಬಕ್ಕಿಂತ ಹೆಚ್ಚು ಹತ್ತಬಾರದು ಎಂದೂ ಕಟ್ಟಳೆ ಮಾಡಿದೆ. ನಟ್ಟು ನಿಂತರೂ ಆಗುವುದಿಲ್ಲ ಅನ್ನಿಸಿದರೆ ಹೇಳಿ, ಕಾರಣ ಕೇಳುವುದಿಲ್ಲ ಎಂದೂ ಸೇರಿಸಿದೆ.

ನಾನು ದಾರಿ ಕಂಡುಕೊಂಡೆ ಎಂದೇ ನಂಬಿದ್ದೆ. ಆದರೆ ಒಂದು ದಿನ, ಎರಡು ದಿನ, ಐದು ದಿನ. ನಟ್ಟು ಬಿದ್ದವರು ಕೆಳಗೆ ಉಳಿಯುತ್ತಿದ್ದರು, ಬಾಯಿಬಿಟ್ಟು ಆಗಲ್ಲ ಎಂದವರು ಒಬ್ಬರೂ ಇಲ್ಲ. ಏಣಿಯ ಅರ್ಧಕ್ಕೆ ನಿಲ್ಲುವವನು ಹಾಗೇ ನಿಲ್ಲುತ್ತಿದ್ದ. ಆರನೆಯ ದಿನ ಊಟದ ಹೊತ್ತಿನಲ್ಲಿ ಹಿರಿಯ ಲೈನ್‌ಮನ್ನನ್ನು ಹೊಂಗೆ ಮರದ ಕೆಳಗೆ ಒಬ್ಬನನ್ನೇ ಕರೆದು ಕೇಳಿದೆ.

ಅವನು ರೊಟ್ಟಿ ಮುರಿಯುತ್ತಲೇ ಹೇಳಿದ: "ನಟ್ಟು ಚಲೋ ಐತೆ ಮೇಸ್ತ್ರಿ. ಕೈ ನೋಡ್ತೀರಿ. ಆದ್ರೆ ನಾಳೆ ಯಾರಾದ್ರೂ ಬಿದ್ರೆ ಅವನದೇ ತಪ್ಪು ಅಂತ ಬರೀತೀರಿ. ನಾನೇ ಸಾಕ್ಷಿ ರುಜು ಹಾಕ್ತೀನಿ. ಆ ಮೂರು ಜನಕ್ಕೂ ಅದು ಗೊತ್ತೈತೆ. ಯಾರು ಬಾಯಿ ಬಿಡ್ತಾರೆ?"

"ನೀನು ಹೇಳಿದ್ಯಾ ಅವರಿಗೆ?"

"ಹೇಳ್ಬೇಕಾ? ಕುರಿಯಪ್ಪ ಬೆಲ್ಟಿಲ್ದೆ ತಾನಾಗಿ ಹತ್ತೋ ಆಸಾಮಿ ಅಲ್ಲ ಅಂತ ಅವರಿಗೆ ಗೊತ್ತಿಲ್ವಾ?"

ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟೆ. ಅಲ್ಲೇ, ಆ ಮರದ ಕೆಳಗೆ, ಲೈನ್ ಕ್ಲಿಯರ್ ಪುಸ್ತಕದ ಹಿಂದಿನ ಬಿಳಿ ಹಾಳೆ ಹರಿದು ಬರೆದೆ. ಬಿದ್ದ ದಿನ ಬೆಳಿಗ್ಗೆ ಕುರಿಯಪ್ಪನ ಕೈ ನಡುಗುವುದನ್ನು ಕಂಡಿದ್ದೆ. ಬೆಲ್ಟು ಬರಲಿ ಎಂದು ಅವನು ಕೇಳಿದ್ದ. ನಾನು ಹೀಯಾಳಿಸಿ ಹತ್ತಿಸಿದೆ. ಹಿಂದಿನ ರಿಪೋರ್ಟು ಸುಳ್ಳು. ನಾಲ್ವರನ್ನೂ ಕೂರಿಸಿ ಗಟ್ಟಿಯಾಗಿ ಓದಿದೆ. ಮದುವಣಗಿತ್ತಿ ಎಂಬ ಮಾತನ್ನೂ ಬಿಡದೆ ಓದಿದೆ. ಯಾರೂ ನನ್ನನ್ನು ನೋಡಲಿಲ್ಲ. ಹಿರಿಯವನು ಕೈ ಒರೆಸಿಕೊಂಡು ಎದ್ದು ಬಂದ.

"ಪೆನ್ನು ಕೊಡ್ರಿ. ಸುಳ್ಳಿಗೆ ಹಾಕಿದ್ ರುಜು ನಂದೂ ಐತಲ್ಲ. ಇದಕ್ಕೂ ಹಾಕ್ತೀನಿ."

ಎಂಜಿನಿಯರು ಆ ಹಾಳೆಯನ್ನು ಎರಡು ಸಲ ಓದಿದರು. "ಇದನ್ನ ಮೇಲಕ್ಕೆ ಕಳ್ಸಿದ್ರೆ ನಿಮ್ಮ ಮೇಸ್ತ್ರಿ ಕೆಲಸ ಉಳಿಯಲ್ಲ, ಗೊತ್ತಾ?" ಎಂದರು. ಗೊತ್ತು ಎಂದೆ. ಅವರು ಹಾಳೆಯನ್ನು ಮತ್ತೆ ಮುಂದಕ್ಕೆ ಎಳೆದುಕೊಂಡರು. ಆಮೇಲೆ ಪೆನ್ನು ತೆಗೆದು ಅಂಚಿನಲ್ಲಿ ತಾವೇ ಒಂದು ಸಾಲು ಬರೆದರು: ಹತ್ತು ದಿನದ ಗಡುವನ್ನು ಸ್ಥಳ ಪರಿಶೀಲಿಸದೆ ನಾನೇ ಕೊಟ್ಟಿದ್ದೆ. ಅವರು ಅದನ್ನು ಬರೆಯಬೇಕಾಗಿರಲಿಲ್ಲ.

ಅಂದೇ ದುರ್ಗಕ್ಕೆ ಹೋದೆ. ಮಂಚದಲ್ಲಿ ಬೇರೆ ರೋಗಿ ಇದ್ದ. ಕೆಲಸದ ಮೇಲೆ ಪೆಟ್ಟಾದವನ ಬಳಿ ಇರಲು, ಊಟ ಕೊಡಲು ಕಚೇರಿಯಿಂದ ಒಬ್ಬ ಆಳನ್ನು ಹಾಕುವುದು ನಮ್ಮಲ್ಲಿದ್ದ ಪದ್ಧತಿ. ನನ್ನ ಮೊದಲ ರಿಪೋರ್ಟು ನೋಡಿ, ಸ್ವಂತ ತಪ್ಪಿನಿಂದ ಬಿದ್ದವನಿಗೆ ಅದಿಲ್ಲ, ಕೆಲಸವೂ ಉಳಿಯುವುದು ಕಷ್ಟ ಎಂದು ಕಚೇರಿಯವರು ತಂದೆಗೆ ಹೇಳಿದ್ದರು. ಮುದುಕರು ಯಾರ ಮೇಲೂ ಕೋಪ ಮಾಡಿಕೊಳ್ಳಲಿಲ್ಲವಂತೆ. ಡಾಕ್ಟರು ಬೇಡವೆಂದರೂ ಕೇಳದೆ, ನಾಲ್ಕು ದಿನದ ಹಿಂದೆಯೇ ಮಗನನ್ನು ಎತ್ತಿನ ಗಾಡಿಯಲ್ಲಿ ಹುಲ್ಲು ಹಾಸಿ ಮಲಗಿಸಿಕೊಂಡು ಊರಿಗೆ ಹೊರಟುಹೋಗಿದ್ದರು. ಊರಿನಲ್ಲಿ ಮೂಳೆ ಕಟ್ಟುವವನೊಬ್ಬ ಬಿದಿರು ದಬ್ಬೆ ಇಟ್ಟು ಕಟ್ಟಿದ್ದ. ಕಚೇರಿಯ ಜೀಪು ಹೋಗಿ ಅವನನ್ನು ಮತ್ತೆ ಕರೆತರುವ ಹೊತ್ತಿಗೆ ಮೂಳೆ ಕೂಡತೊಡಗಿತ್ತು. ಕಾಲು ಎರಡು ಬೆರಳು ಗಿಡ್ಡವಾಗಿ ಕೂಡಿತು.

ಅವನು ಬಿದ್ದದ್ದಕ್ಕೆ ಕಾರಣಗಳು ಹಲವಿದ್ದವು ಎಂದು ಯಾರಾದರೂ ನನ್ನನ್ನು ಸಮಾಧಾನ ಮಾಡಬಹುದು. ಗಾಳಿ, ಗಡುವು, ಬಕಲ್ಲು. ಆ ಎರಡು ಬೆರಳಿಗೆ ಮಾತ್ರ ಕಾರಣ ಒಂದೇ. ನಾನು ಸತ್ಯ ಬರೆಯಲು ತೆಗೆದುಕೊಂಡ ದಿನಗಳು.

ಹಾಳೆ ಓದಿದ ಮರುದಿನದ ಬೆಳಿಗ್ಗೆಯನ್ನೂ ಹೇಳಬೇಕು. ಏಣಿಯ ಅರ್ಧಕ್ಕೆ ನಿಲ್ಲುತ್ತಿದ್ದವನ ಬೆರಳ ಮೇಲೆ ನಟ್ಟು ಇಪ್ಪತ್ತರವರೆಗೂ ಕದಲದೆ ನಿಂತಿತು. ಅವನು ಅದನ್ನು ನನ್ನ ಕೈಗೆ ಕೊಟ್ಟು, "ನಿಂತೈತೆ ಮೇಸ್ತ್ರಿ. ಆದ್ರೂ ನನಗಾಗಲ್ಲ. ಮ್ಯಾಲೆ ಹೋದ್ರೆ ಅವನು ಬಿದ್ದ ಸದ್ದೇ ಕೇಳ್ತೈತೆ" ಎಂದ. ಯಾರೂ ನಗಲಿಲ್ಲ. ಹಿರಿಯವನು ಅವನ ಬೆನ್ನಿನ ಮೇಲೆ ಕೈಯಿಟ್ಟು, "ಏಣಿ ಹಿಡ್ಕ ಬಾ, ನಾನ್ ಹತ್ತೀನಿ. ನಿಂಗೆ ಯಾವಾಗ ಬೇಕೋ ಆವಾಗ ಹೋಗಾಣ" ಎಂದ. ಎಂಟು ದಿನ ಅವನು ಏಣಿ ಹಿಡಿದ. ಒಂಬತ್ತನೆಯ ದಿನ ತಾನಾಗಿ ಬೆಲ್ಟು ಕೇಳಿದ.

ಆವತ್ತಿನಿಂದ ನಾನು ಮುಚ್ಚಳದ ಒಳಗೆ ಬೇರೆ ಗೀಟು ಹಾಕತೊಡಗಿದೆ. ಹೆಸರಿಲ್ಲ, ಯಾರಾದರೂ ಆಗಲ್ಲ ಎಂದಾಗ ಒಂದು. ಗೀಟುಗಳು ಹೆಚ್ಚಾದಂತೆ ಕಂಬಗಳೂ ಹೆಚ್ಚಾದವು. ಹತ್ತು ದಿನದ ಕೆಲಸಕ್ಕೆ ತಿಂಗಳು ಹಿಡಿಯಿತು. ರಾಮಗಿರಿಯ ನೀರಿನ ಪಂಪು ತಿರುಗಿದ ದಿನ ನಾಲ್ವರ ಮೈಮೇಲೂ ಒಂದು ಗಾಯವಿರಲಿಲ್ಲ.

ವಿಚಾರಣೆ ನಡೆಸಿ ನನ್ನನ್ನು ಮೇಸ್ತ್ರಿ ಕೆಲಸದಿಂದ ಇಳಿಸಿ ಹಿರಿಯೂರಿನ ಸ್ಟೋರಿಗೆ ಹಾಕಿದರು. ಕಂಬ, ತಂತಿ, ಪಿಂಗಾಣಿ ಎಣಿಸುವ ಕೆಲಸ. ಎರಡನೆಯ ರಿಪೋರ್ಟಿನಿಂದಾಗಿ ಕುರಿಯಪ್ಪನ ನೌಕರಿ ಉಳಿಯಿತು. ಹೊಸದುರ್ಗದ ಸಬ್‌ಸ್ಟೇಷನ್ನಿನಲ್ಲಿ ಕುಳಿತು ಲೈನ್ ಕ್ಲಿಯರ್ ಬರೆದುಕೊಡುವ ಜಾಗ ಸಿಕ್ಕಿತು. ಆ ವರ್ಷ ಚಳಿಗಾಲದಲ್ಲಿ ಅವನ ತಂದೆ ಹೊಸ ಕಂಬಳಿಯೊಂದನ್ನು ಮಡಚಿ ಹೊತ್ತುಕೊಂಡು ಸ್ಟೋರಿಗೆ ಬಂದರು.

"ನಮ್ ಕುರೀದೇ ಉಣ್ಣೆ ಸಾಮಿ. ಅವನು ತಪ್ಪು ಮಾಡಿದ್ರೂ ನೀವು ಕೆಲ್ಸ ಉಳಿಸಿಕೊಟ್ರಿ."

ಆಗ ಹೇಳಬೇಕಿತ್ತು. ಗ್ಯಾಂಗಿನ ಮುಂದೆ ಓದಿದ್ದೆ, ಎಂಜಿನಿಯರಿಗೆ ಕೊಟ್ಟಿದ್ದೆ, ವಿಚಾರಣೆಯಲ್ಲಿ ಒಪ್ಪಿಕೊಂಡಿದ್ದೆ. ಆ ಒಬ್ಬ ಮನುಷ್ಯನ ಮುಖ ನೋಡಿ ಹೇಳಲು ಆಗಲಿಲ್ಲ. ಎರಡೂ ಕೈ ಚಾಚಿ ಕಂಬಳಿ ತೆಗೆದುಕೊಂಡೆ. ಇವತ್ತಿಗೂ ಹೊದ್ದಿಲ್ಲ.

ನಾಲ್ಕು ವರ್ಷ ಕಳೆದ ಮೇಲೆ ಹೊಸದುರ್ಗಕ್ಕೆ ಸಾಮಾನು ತಲುಪಿಸಲು ಲಾರಿಯಲ್ಲಿ ಹೋದೆ. ಕುರಿಯಪ್ಪ ಕಾಲೆಳೆಯುತ್ತಾ ಬಂದು ಬಾಗಿಲು ತೆಗೆದ. ಅವನ ಮೇಜಿನ ಮೇಲೆ, ಲೈನ್ ಕ್ಲಿಯರ್ ಪುಸ್ತಕದ ಪಕ್ಕದಲ್ಲಿ, ಉಜ್ಜಿ ಉಜ್ಜಿ ಹೊಳೆಯುವ ದೊಡ್ಡ ನಟ್ಟೊಂದಿತ್ತು. ಅದನ್ನು ಬೆರಳ ಮೇಲಿಟ್ಟು ನೋಡದೆ ಅವನು ಯಾವ ಗ್ಯಾಂಗಿಗೂ ಚೀಟಿ ಬರೆಯುವುದಿಲ್ಲ ಎಂದು ಲಾರಿ ಡ್ರೈವರು ದಾರಿಯಲ್ಲೇ ಹೇಳಿದ್ದ. ಹಿರಿಯ ಲೈನ್‌ಮನ್ ಹೇಳಿಕೊಟ್ಟಿದ್ದನಂತೆ.

"ಕೈ ಚಾಚ್ರಿ ಮೇಸ್ತ್ರಿ," ಎಂದ.

"ನಾನೀಗ ಕಂಬ ಹತ್ತಲ್ಲೋ ಮಾರಾಯ."

"ಈ ಬಾಗಿಲು ದಾಟಿದೋರೆಲ್ಲ ಚಾಚಬೇಕು. ಚಾಚ್ರಿ."

ಚಾಚಿದೆ. ನಟ್ಟು ಇಟ್ಟು ಎಣಿಸತೊಡಗಿದ. ಒಂಬತ್ತಕ್ಕೆ ನಿಲ್ಲಿಸಿದ.

"ಅಪ್ಪ ತೀರ್ಕಂಡ, ಹೋದ ತಿಂಗಳು. ನಿಮ್ಮನ್ನ ದೇವರಂಥೋರು ಅಂತಿದ್ದ. ನಾನು ಬಾಯಿ ಬಿಡ್ಲಿಲ್ಲ. ನೀವೇ ಒಂದಿನ ಬಂದು ಹೇಳ್ತೀರಿ ಅಂತ ಸುಮ್ಕಿದ್ದೆ. ನಾನು ಹೇಳಿದ್ರೆ ಮುದುಕ ಕಂಬಳಿ ವಾಪಸ್ ಕೇಳೋಕೆ ಬರ್ತಿದ್ದ." ಕೊನೆಯ ಮಾತಿಗೆ ಅವನೇ ಸ್ವಲ್ಪ ನಕ್ಕ.

ನಟ್ಟು ಬಿದ್ದು ಮೇಜಿನ ಕೆಳಗೆ ಉರುಳಿತು. ಆ ಗಿಡ್ಡ ಕಾಲನ್ನು ಪಕ್ಕಕ್ಕೆ ಚಾಚಿಕೊಂಡು, ಮೇಜು ಹಿಡಿದು ಬಗ್ಗಿ ಅವನೇ ಅದನ್ನು ಹೆಕ್ಕಿದ. ಅಂಗಿಗೆ ಒರೆಸಿ ಪುಸ್ತಕದ ಪಕ್ಕದಲ್ಲಿಟ್ಟ. ತನ್ನ ಕುರ್ಚಿಯನ್ನೇ ನನ್ನ ಕಡೆಗೆ ಎಳೆದ.

"ಇವತ್ತು ನೀವು ಹತ್ತಂಗಿಲ್ಲ ಮೇಸ್ತ್ರಿ. ಕುಂತ್ಕಳ್ರಿ. ಚಾ ತರ್ಸ್ತೀನಿ."

ಚಾ ಬಂತು. ನಾನು ಎರಡೂ ಕೈಯಲ್ಲಿ ಲೋಟ ಹಿಡಿದು ಕುಡಿದೆ. ಅವನು ನೋಡಿದ. ಬೇರೆ ಕಡೆ ತಿರುಗಲಿಲ್ಲ.